ಹೊಯ್ಸಳ ಶಿಲ್ಪವೂ ವಿಡಿಯೋ ಆಟವೂ: ಪ್ರಮಾಣದ ಪ್ರಶ್ನೆ

ನಾಟಿ ಡಾಗ್ ಸಂಸ್ಥೆ 2017ರಲ್ಲಿ ಹೊರತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ವಿಡಿಯೋ ಆಟದ ಕಥೆ ಬಹುಮಟ್ಟಿಗೆ ಪಶ್ಚಿಮ ಘಟ್ಟಗಳಲ್ಲಿ ನಡೆಯುತ್ತದೆ. ಗಣೇಶನ ದಂತವನ್ನರಸಿ ಹೊರಟ ನಾಯಿಕೆ ಹೊಯ್ಸಳರ ಅವಶೇಷಗಳ ನಡುವೆ ಸಂಚರಿಸುತ್ತಾಳೆ. ಬೇಲೂರು ಹಳೇಬೀಡುಗಳ ಹೆಸರೂ ಬರುತ್ತದೆ. ಇದು ಪಠ್ಯವಲ್ಲ, ವಿನೋದ. ಆದರೂ ಹೊಯ್ಸಳ ಕಲೆಯ ಮೊದಲ ಪರಿಚಯ ಅನೇಕರಿಗೆ ಇಂಥ ತೆರೆಯ ಮೇಲೆಯೇ ಆಗಬಹುದಾದುದರಿಂದ, ಅದು ಏನನ್ನು ಕಲಿಸುತ್ತದೆ ಎಂಬುದು ಅಧ್ಯಾಪಕರು ವಿಚಾರಿಸತಕ್ಕ ವಿಷಯ.

ಕನ್ನಡ ನಾಡಿನ ಒಂದು ರಾಜವಂಶದ ಹೆಸರನ್ನು ಹೊರದೇಶಗಳ ಮನೆಮನೆಗೆ ಒಯ್ದದ್ದು ಈ ಆಟದ ಗುಣ. ದೋಷವಿರುವುದು ಪ್ರಮಾಣದಲ್ಲಿ. ಇಲ್ಲಿಯ ದೇವಮೂರ್ತಿಗಳು ಬೆಟ್ಟದೆತ್ತರ. ಆಡುವವನು ಅವುಗಳನ್ನು ಹತ್ತುತ್ತಾನೆ, ಹಾರುತ್ತಾನೆ, ಮುಂದಕ್ಕೋಡುತ್ತಾನೆ. ಹೊಯ್ಸಳ ಶಿಲ್ಪದ ಮಹಿಮೆಯಾದರೋ ಗಾತ್ರದಲ್ಲಿಲ್ಲ. ಬಳಪದ ಕಲ್ಲಿನ ಮೃದುತ್ವವೇ ಅಲ್ಲಿಯ ಸೂಕ್ಷ್ಮತೆಗೆ ಆಧಾರ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಆನೆ, ಕುದುರೆ, ಪುರಾಣಕಥೆ, ಮಕರ, ಹಂಸಗಳ ಸಾಲುಗಳು ಒಂದರ ಮೇಲೊಂದು ಏರುತ್ತವೆ. ನಕ್ಷತ್ರಾಕಾರದ ಜಗತಿಯ ಮೇಲೆ ನಿಧಾನವಾಗಿ ನಡೆಯುವವನಿಗೆ ಮಾತ್ರ ಅವು ಕಥೆಯಾಗುತ್ತವೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳು ತಮ್ಮ ಹೆಸರನ್ನೇ ಕೊರೆದಿದ್ದಾರೆ. ಓಡುವವನು ಅದನ್ನು ಓದಲಾರ.

ಮಾಧ್ಯಮವೇ ಅಸಮರ್ಥವೆನ್ನಲಾಗದು. 2018ರಲ್ಲಿ ಯೂಬಿಸಾಫ್ಟ್ ಸಂಸ್ಥೆ ತನ್ನ ‘ಅಸಾಸಿನ್ಸ್ ಕ್ರೀಡ್’ ಆಟದ ಪ್ರಾಚೀನ ಈಜಿಪ್ಟಿನಿಂದ ಕಾದಾಟವನ್ನು ತೆಗೆದುಹಾಕಿ, ವಿವರಣೆಯೊಡನೆ ನಡೆದು ನೋಡುವ ‘ಡಿಸ್ಕವರಿ ಟೂರ್’ ಅನ್ನು ಹೊರತಂದಿತು. ಅಲ್ಲಿ ವೇಗವನ್ನು ತಗ್ಗಿಸಿದೊಡನೆ ಆಟ ಪಾಠವಾಯಿತು. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳು ಅಂಥದೊಂದು ಪ್ರಯತ್ನಕ್ಕೆ ಅರ್ಹವಾಗಿವೆ.

ಬೀದರ ಜಿಲ್ಲೆಯ ವಿದ್ಯಾರ್ಥಿಗೆ ಈ ವ್ಯತ್ಯಾಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ದೇವಾಲಯವಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕವನ್ನು ಬರೆಯುತ್ತಿರುವಂತೆ ನಿಂತಿದ್ದಾಳೆ. ಬೇಲೂರಿನ ಮದನಿಕೆಯರಿಗೆ ಆಕೆ ಹಿರಿಯಳು. ಅಕ್ಷರಗಳನ್ನು ಕಾಣಬೇಕಾದರೆ ಗೋಡೆಯ ಹತ್ತಿರ ಹೋಗಿ ನಿಲ್ಲಲೇಬೇಕು. ತೆರೆಯ ಮೇಲಿನ ಬೃಹನ್ಮೂರ್ತಿಗಳನ್ನು ಕಂಡ ವಿದ್ಯಾರ್ಥಿಯನ್ನು ಅಧ್ಯಾಪಕರು ಒಮ್ಮೆ ಆ ಗೋಡೆಯ ಮುಂದೆ ನಿಲ್ಲಿಸುವುದು ಉಚಿತ; ಆಟದಲ್ಲಿ ಯಾವುದು ತಪ್ಪಿಹೋಗಿದೆಯೆಂಬುದು ಅವನಿಗೆ ಅಲ್ಲಿ ತಾನಾಗಿಯೇ ವಿದಿತವಾದೀತು.