ಬೆಕ್ ಪೆರುವಿನಲ್ಲಿದ್ದ: ನ್ಯಾಯಾಲಯ ಕೇಳಲೊಲ್ಲದ ಸಂಗತಿ

1896ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನಡೆದ ಅಡಾಲ್ಫ್ ಬೆಕ್ ಮೊಕದ್ದಮೆಯನ್ನು ತಪ್ಪು ಗುರುತಿನ ಪ್ರಕರಣವೆಂದೇ ಎಲ್ಲರೂ ಉದಾಹರಿಸುತ್ತಾರೆ. ಇದು ಅರ್ಧ ಸತ್ಯ. ಸಾಕ್ಷಿಗಳ ಕಣ್ಣು ತಪ್ಪುವುದು ಹೊಸದೇನಲ್ಲ. ಆ ತಪ್ಪನ್ನು ಬಯಲು ಮಾಡಬಲ್ಲ ಸಾಕ್ಷ್ಯ ಬಾಗಿಲಲ್ಲೇ ನಿಂತಿದ್ದರೂ ಒಳಗೆ ಬಿಡದೆ ಹೋದದ್ದು ಈ ಪ್ರಕರಣದ ನಿಜವಾದ ಅನ್ಯಾಯ.

ಮೋಸದ ಬಗೆ ಸರಳವಾಗಿತ್ತು. ತಾನೊಬ್ಬ ಲಾರ್ಡ್ ಎಂದು ಹೇಳಿಕೊಂಡವನು ಒಂಟಿ ಹೆಂಗಸರ ಪರಿಚಯ ಮಾಡಿಕೊಳ್ಳುತ್ತಿದ್ದ. ಕೊಳ್ಳಬೇಕಾದ ಉಡುಪುಗಳ ಪಟ್ಟಿ ಬರೆದು, ನಗದಾಗದ ಚೆಕ್ ಕೊಟ್ಟು, ಅಳತೆಗೆಂದು ಉಂಗುರ ಇಸಿದುಕೊಂಡು ಮಾಯವಾಗುತ್ತಿದ್ದ. 1895ರ ಡಿಸೆಂಬರಿನಲ್ಲಿ ಹೀಗೆ ಮೋಸಹೋದ ಒಬ್ಬಾಕೆ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ನಾರ್ವೆ ಮೂಲದ ಬೆಕ್‌ನನ್ನು ಕಂಡು ಇವನೇ ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದ ಇತರರೂ ಅದನ್ನೇ ಹೇಳಿದರು. 1877ರಲ್ಲಿ ಇಂಥದೇ ಮೋಸಕ್ಕೆ ಜೈಲು ಸೇರಿದ್ದ 'ಜಾನ್ ಸ್ಮಿತ್' ಈತನೇ ಎಂದು, ಅವನನ್ನು ಅಂದು ಹಿಡಿದಿದ್ದ ಪೊಲೀಸಿನವನು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದ. ಎರಡೂ ಕಾಲದ ಪಟ್ಟಿಗಳು ಒಂದೇ ಕೈಯವು ಎಂದು ಕೈಬರಹ ತಜ್ಞ ಗರಿನ್ ಅಭಿಪ್ರಾಯ ಕೊಟ್ಟಿದ್ದರು.

ಆರೋಪಿ ಪರ ವಕೀಲ ಚಾರ್ಲ್ಸ್ ಗಿಲ್ ಹಿಡಿದದ್ದು ಈ ಎಳೆಯನ್ನೇ. ಕೈ ಒಂದೇ ಆಗಿದ್ದರೆ 1877ರ ಸ್ಮಿತ್ ಬೆಕ್ ಅಲ್ಲವೆಂದು ತೋರಿಸಿದರೆ ಸಾಕು, ಮೊಕದ್ದಮೆಯೇ ಕುಸಿಯುತ್ತದೆ. ಆಗ ಬೆಕ್ ಪೆರುವಿನಲ್ಲಿದ್ದ. ಗಿಲ್ ಹಳೆಯ ಪಟ್ಟಿಗಳ ಬಗ್ಗೆ ಗರಿನ್‌ರನ್ನು ಪಾಟೀಸವಾಲು ಮಾಡಹೊರಟಾಗ ಸರ್ಕಾರಿ ವಕೀಲ ಹೊರೇಸ್ ಏವರಿ ಆಕ್ಷೇಪಿಸಿದರು. ನ್ಯಾಯಾಧೀಶ ಫಾರೆಸ್ಟ್ ಫುಲ್ಟನ್ ಆ ಆಕ್ಷೇಪವನ್ನು ಎತ್ತಿಹಿಡಿದರು. 1877ರಲ್ಲಿ ಸ್ಮಿತ್ ವಿರುದ್ಧ ವಾದಿಸಿದ್ದವರೂ ಇದೇ ಫುಲ್ಟನ್!

ಆ ಆಕ್ಷೇಪದ ಹಿಂದಿನ ಕಾರಣ ತಳಬುಡವಿಲ್ಲದ್ದೇನೂ ಅಲ್ಲ. ಆರೋಪಿಯ ಹಳೆಯ ಶಿಕ್ಷೆ ಜ್ಯೂರಿಯ ಕಿವಿಗೆ ಬೀಳಬಾರದು. ಬಿದ್ದರೆ ಪೂರ್ವಗ್ರಹ ಹುಟ್ಟುತ್ತದೆ. ಆದರೆ ಈ ನಿಯಮ ಇರುವುದು ಆರೋಪಿಯ ರಕ್ಷಣೆಗೆ. ಆ ರಕ್ಷಣೆ ನನಗೆ ಬೇಡ, ಹಳೆಯದನ್ನೆಲ್ಲ ತೆರೆಯಿರಿ ಎಂದು ಆರೋಪಿಯೇ ಕೇಳುತ್ತಿರುವಾಗ ನಿಯಮವನ್ನು ಅವನ ಕೊರಳಿಗೇ ಸುತ್ತಿದ್ದು ವಿವೇಚನೆಯಲ್ಲ, ಯಾಂತ್ರಿಕತೆ. ಬೆಕ್‌ಗೆ ಏಳು ವರ್ಷ ಶಿಕ್ಷೆಯಾಯಿತು.

ಮೇಲ್ಮನವಿಗೆ ದಾರಿಯೂ ಇರಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಶ್ನೆಯನ್ನು ಮೇಲಿನ ಪೀಠಕ್ಕೆ ಕಳಿಸುವುದು ವಿಚಾರಣೆ ನಡೆಸಿದ ನ್ಯಾಯಾಧೀಶರ ಮರ್ಜಿ. ತಪ್ಪು ಮಾಡಿದವರೇ ತಮ್ಮ ತಪ್ಪನ್ನು ಪ್ರಶ್ನಿಸಲು ಅನುಮತಿ ಕೊಡಬೇಕು! ಉಳಿದದ್ದು ಗೃಹ ಇಲಾಖೆಗೆ ಅರ್ಜಿ. 1898ರಲ್ಲಿ ಜೈಲಿನ ಹಳೆಯ ದಾಖಲೆ ತೆಗೆದಾಗ ಸ್ಮಿತ್‌ಗೆ ಸುನ್ನತಿಯಾಗಿತ್ತೆಂದು ತಿಳಿಯಿತು, ಬೆಕ್‌ಗೆ ಆಗಿರಲಿಲ್ಲ. ಇಲಾಖೆ ಮಾಡಿದ್ದೇನು? ಹಳೆಯ ಅಪರಾಧಿ ಎಂಬ ಗುರುತನ್ನು ಆತನ ಕೈದಿ ಸಂಖ್ಯೆಯಿಂದ ತೆಗೆದು, ಆತನನ್ನು ಒಳಗೇ ಇಟ್ಟಿತು. ಮೊಕದ್ದಮೆಯ ಬುಡವೇ ಅಲುಗಿದ್ದರೂ ಅದು ತಿದ್ದಿದ್ದು ಕಡತವನ್ನು ಮಾತ್ರ.

ಬೆಕ್ ಜೈಲಿನಿಂದ ಹೊರಬಂದ ಮೇಲೆ, 1904ರಲ್ಲಿ ಬೇರೆ ಹೆಂಗಸರು ಅವನತ್ತ ಬೆರಳು ತೋರಿಸಿದರು. ಮತ್ತೆ ಅಪರಾಧಿ ಎಂಬ ತೀರ್ಮಾನವಾಯಿತು. ಶಿಕ್ಷೆಯ ಪ್ರಮಾಣ ಇನ್ನೂ ಬಾಕಿಯಿದ್ದಾಗಲೇ ನಿಜವಾದ ಮೋಸಗಾರ ಉಂಗುರಗಳನ್ನು ಗಿರವಿ ಇಡುವಾಗ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನ ಸಿಕ್ಕಿತು, ಕೊನೆಗೆ 5,000 ಪೌಂಡ್ ಪರಿಹಾರವೂ ಬಂತು. ಈ ಹಗರಣ ಎಬ್ಬಿಸಿದ ಗದ್ದಲದ ಬೆನ್ನಿಗೇ 1907ರ ಕ್ರಿಮಿನಲ್ ಮೇಲ್ಮನವಿ ಕಾಯ್ದೆ ಬಂತು.

ಕಾಯ್ದೆಯಿಂದ ರೋಗ ಪೂರ್ತಿ ವಾಸಿಯಾಗಲಿಲ್ಲ. 1972ರಲ್ಲಿ ಸಂಡರ್ಲ್ಯಾಂಡಿನ ಅಂಗಡಿಯೊಂದರಲ್ಲಿ ಪರದೆ ಕದ್ದನೆಂದು ಒಬ್ಬನನ್ನು ಗುರುತಿಸಲಾಯಿತು. ಆ ಹೊತ್ತಿಗೆ ಅವನು ಬಸ್ಸು ತುಂಬ ಜನರ ಜೊತೆ ಪ್ರವಾಸದಲ್ಲಿದ್ದ. ವಿಚಾರಣೆಯಲ್ಲಿ ಅವರಲ್ಲಿ ಹೆಚ್ಚಿನವರನ್ನು ಸಾಕ್ಷಿಗೆ ಕರೆಸಿರಲಿಲ್ಲ. ಶಿಕ್ಷೆ ರದ್ದಾಗಲು 1974 ಬರಬೇಕಾಯಿತು. ಗುರುತಿನ ಸಾಕ್ಷ್ಯವನ್ನು ಪರಿಶೀಲಿಸಿದ ಡೆವ್ಲಿನ್ ಸಮಿತಿಯ ವರದಿ, ಅದರ ಬೆನ್ನಿಗೆ 1976ರ ಟರ್ನ್‌ಬುಲ್ ತೀರ್ಪು ಬಂದ ಮೇಲೆಯೇ, ಹಲವರು ಒಟ್ಟಿಗೆ ಗುರುತಿಸಿದರೂ ಎಲ್ಲರೂ ತಪ್ಪಿರಬಹುದೆಂದು ಜ್ಯೂರಿಯನ್ನು ಎಚ್ಚರಿಸುವುದು ಕಡ್ಡಾಯವಾಯಿತು.

ಇದೇ ಇಂಗ್ಲಿಷರು ಭಾರತಕ್ಕೆ ಬರೆದ 1872ರ ಸಾಕ್ಷ್ಯ ಅಧಿನಿಯಮ, ಅಪರಾಧ ಕಲ್ಕತ್ತೆಯಲ್ಲಿ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ ಎಂಬ ಸಂಗತಿ ಪ್ರಸ್ತುತವೆಂದು 11ನೇ ಕಲಮಿನಲ್ಲೇ ಉದಾಹರಣೆ ಕೊಟ್ಟು ಹೇಳಿತ್ತು. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವ ಹಾದಿಯೂ ಇಲ್ಲಿ ಆಗಲೇ ಇತ್ತು. ಹಾಗೆಂದು ನಾವು ಬೀಗಬೇಕಿಲ್ಲ. ನಮ್ಮಲ್ಲಿ ಅಲಿಬಿಯನ್ನು, ಅಂದರೆ ತಾನು ಆಗ ಬೇರೆಡೆ ಇದ್ದೆನೆಂಬುದನ್ನು, ಸಾಬೀತು ಮಾಡುವ ಹೊಣೆ ಆರೋಪಿಯದೇ. ಜೈಲಿನಲ್ಲಿ ಕೂತ ಬಡವ ಊರೂರು ಅಲೆದು ಸಾಕ್ಷಿ ಹುಡುಕಲಾರ. ಕಲಂ ಪುಸ್ತಕದಲ್ಲಿದ್ದ ಮಾತ್ರಕ್ಕೆ ಸಾಕ್ಷಿ ಕಟಕಟೆಗೆ ಬರುವುದಿಲ್ಲ.

ಆದ್ದರಿಂದ ಗುರುತೊಂದನ್ನೇ ನಂಬಿ ಕೊಟ್ಟ ಶಿಕ್ಷೆಯ ವಿರುದ್ಧ ಮೇಲ್ಮನವಿ ಬಂದಾಗ, ಕೆಳಗಿನ ಕೋರ್ಟು ನಿಯಮ ಪಾಲಿಸಿತೇ ಎಂದಷ್ಟೇ ನೋಡಿದರೆ ಸಾಲದು. ಫುಲ್ಟನ್ ಕೂಡ ನಿಯಮ ಪಾಲಿಸಿದ್ದೇನೆ ಎಂದೇ ನಂಬಿದ್ದರು. ಜ್ಯೂರಿಯಾಗಲಿ ಜಡ್ಜಾಗಲಿ ಕೇಳದೆ ಹೋದ ಸಾಕ್ಷ್ಯ ಯಾವುದು, ಕೇಳಿದ್ದರೆ ತೀರ್ಮಾನ ಹೀಗೇ ಇರುತ್ತಿತ್ತೇ ಎಂಬುದನ್ನು ಮೇಲಿನ ಪೀಠ ಮೊದಲು ವಿಚಾರಿಸಬೇಕು.