ಖರಖರ ಸದ್ದಿನ ಬೆನ್ನು ಹತ್ತಿದ ಎಂಜಿನಿಯರ್

ಎಂಜಿನಿಯರಿಂಗ್ ಓದಿ ಸೈದ್ಧಾಂತಿಕ ಭೌತವಿಜ್ಞಾನಕ್ಕೆ ಹೊರಳಿದವರ ಮಾತು ಬಂದರೆ ಎಲ್ಲರ ಬಾಯಲ್ಲೂ ಪಾಲ್ ಡಿರಾಕ್. ಬ್ರಿಸ್ಟಲ್‌ನಲ್ಲಿ ಎಲೆಕ್ಟ್ರಿಕಲ್ ಮುಗಿಸಿ 1921ರಲ್ಲಿ ಕೆಲಸ ಸಿಗದೆ ಕೂತವರು, 1928ಕ್ಕೆ ಎಲೆಕ್ಟ್ರಾನಿನ ಸಮೀಕರಣ ಕೊಟ್ಟರು. ಆ ಕಥೆ ನನಗೂ ಇಷ್ಟವೇ. ಆದರೆ ಅದೇ ಹಾದಿ ಹಿಡಿದು ಬೆಂಗಳೂರಿನಲ್ಲೇ ದಶಕಗಟ್ಟಲೆ ದುಡಿದ ಎನ್. ಕುಮಾರ್ ಅವರ ಹೆಸರನ್ನು ನಮ್ಮ ಹುಡುಗರು ಕೇಳಿಯೇ ಇಲ್ಲ ಎಂಬುದು ಮನಸ್ಸಿಗೆ ಹತ್ತುತ್ತದೆ.

ನರೇಂದ್ರ ಕುಮಾರ್ ಹುಟ್ಟಿದ್ದು 1940ರಲ್ಲಿ, ಬಿಲಾಸ್‌ಪುರದಲ್ಲಿ. ಖರಗ್‌ಪುರ ಐಐಟಿಯಲ್ಲಿ ಕಮ್ಯುನಿಕೇಶನ್ ಎಂಜಿನಿಯರಿಂಗ್ ಓದಿದರು. ಪುಣೆ, ಮುಂಬೈ ದಾಟಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1994ರಿಂದ 2005ರವರೆಗೆ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರು. ತೀರಿಕೊಂಡದ್ದು 2017ರಲ್ಲಿ.

ಕಮ್ಯುನಿಕೇಶನ್ ಎಂಜಿನಿಯರಿಗೆ ನಾಯ್ಸ್ ಎಂದರೆ ಹಗೆ. ಅಡ್ಡಮಳೆಯ ಗುಡುಗಿನ ಹೊತ್ತಿಗೆ ಕುಂದಗೋಳ ತಾಲ್ಲೂಕಿನ ಸಂಶಿಯಲ್ಲಿ ಧಾರವಾಡ ಆಕಾಶವಾಣಿ ಹಚ್ಚಿದರೆ ಹಾಡಿನ ಮೇಲೆ ಖರಖರ ಬೀಳುತ್ತದಲ್ಲ, ಅದನ್ನು ಸೋಸಿ ಚೆಲ್ಲುವುದೇ ಆ ವಿದ್ಯೆ. ಕುಮಾರ್ ಆ ಚೆಲ್ಲುವುದನ್ನೇ ಎತ್ತಿಕೊಂಡರು. ಅವರು ಎಂಜಿನಿಯರಿಂಗ್ ಬಿಟ್ಟುಬಂದರು ಎನ್ನುವುದನ್ನು ನಾನು ಒಪ್ಪಲಾರೆ.

1982ರಲ್ಲಿ ಅವರೂ ಅವರ ಶಿಷ್ಯ ಎ. ಎಂ. ಜಯಣ್ಣವರ ಅವರೂ (ಅಡ್ಡಹೆಸರೇ ನಮ್ಮ ಕಡೆಯದು) ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಬರೆದ ಲೇಖನ ನೋಡಿ. ವಸ್ತುವಿನೊಳಗಿನ ಅಸ್ತವ್ಯಸ್ತ ಕದಲದೆ ನಿಂತಿದ್ದರೆ ಎಲೆಕ್ಟ್ರಾನಿನ ಅಲೆ ಅದರಲ್ಲೇ ಸಿಕ್ಕಿಬೀಳಬಹುದೆಂದು ಫಿಲಿಪ್ ಆಂಡರ್ಸನ್ 1958ರಲ್ಲೇ ತೋರಿಸಿದ್ದರು. ಆ ಅಸ್ತವ್ಯಸ್ತವೇ ಕ್ಷಣಕ್ಷಣಕ್ಕೂ ಅಡ್ಡಾದಿಡ್ಡಿ ಅಲುಗಾಡುತ್ತಿದ್ದರೆ? ಕಣ ಸಿಕ್ಕಿಬೀಳುವುದಿರಲಿ, ಓಟ ಕೀಳುತ್ತದೆ. ನೀರಿಗೆ ಬಿದ್ದ ಶಾಯಿಯಂತೆ ಹರಡುವಾಗ ಕಾಲ ಇಮ್ಮಡಿಯಾದರೆ ದೂರದ ವರ್ಗವೂ ಇಮ್ಮಡಿ. ತಡೆಯಿಲ್ಲದೆ ಓಡುವ ಕಣಕ್ಕೆ ನಾಲ್ಕು ಪಟ್ಟು. ಇವರ ಲೆಕ್ಕದಲ್ಲಿ ಬಂದದ್ದು ಎಂಟು ಪಟ್ಟು! ಅಲುಗಾಟವೇ ಕಣಕ್ಕೆ ಶಕ್ತಿ ತುಂಬುತ್ತ ಹೋಗುತ್ತದೆ. ಇದನ್ನು ಕಾಗದದ ಮೇಲೆ ಬಿಡಿಸಿಕೊಂಡ ದಿನ ನನಗಾದ ಖುಷಿ ಇನ್ನೂ ಆರಿಲ್ಲ.

ಬೆಳಕಿನಲ್ಲೂ ಅದೇ ಜಾಡು. ಲೇಸರ್ ಎಂದರೆ ಎದುರುಬದುರು ಎರಡು ಕನ್ನಡಿ ಇರಬೇಕೆಂಬುದು ವಾಡಿಕೆ. ಬೆಳಕನ್ನು ಹೆಚ್ಚಿಸುವ ಬಣ್ಣದ ದ್ರಾವಣದಲ್ಲಿ ಸಣ್ಣ ಕಣಗಳನ್ನು ಎಲ್ಲೆಂದರಲ್ಲಿ ಬೆರೆಸಿದರೂ ಬೆಳಕು ಪುಟಿಪುಟಿದು ಬಲಿಯುತ್ತದೆ, ಕನ್ನಡಿಯ ಹಂಗಿಲ್ಲ. ಇಂಥ ಬೆಳಕಿನ ಏರಿಳಿತಗಳನ್ನು ಕುಮಾರ್ ರಾಮನ್ ಸಂಸ್ಥೆಯ ಪ್ರಯೋಗಕಾರರ ಜೊತೆ ಕೂತು ಅಳೆದರು.

ಕುಮಾರ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದದ್ದು 1985ರಲ್ಲಿ. ಭುವನೇಶ್ವರದಲ್ಲಿ ನೆಲೆಸಿದ ಜಯಣ್ಣವರ ಅವರಿಗೆ 1998ರಲ್ಲಿ. ಡಿಟರ್ಮಿನಿಸ್ಟಿಕ್ ಕೇಯಾಸ್ ಎಂಬ ಕುಮಾರ್ ಅವರ ಇಂಗ್ಲಿಷ್ ಪುಸ್ತಕ ತೆಳ್ಳಗಿದೆ. ಕುಂದಗೋಳ ತಾಲ್ಲೂಕಿನ ವಿಜ್ಞಾನದ ಮೇಷ್ಟ್ರುಗಳೇ, ಎಂಜಿನಿಯರಿಂಗ್‌ಗೆ ಹೊರಟ ಮಕ್ಕಳ ಕೈಗೆ ಅದೊಂದನ್ನು ಕೊಟ್ಟು ಕಳಿಸಿ.