ಮಾರ್ಕ್ ಟ್ವೈನ್ ಹತ್ತದ ದೋಣಿ

ಮಾರ್ಕ್ ಟ್ವೈನನ ‘ಲೈಫ್ ಆನ್ ದ ಮಿಸಿಸಿಪಿ’ (1883) ಗ್ರಂಥವನ್ನು ಓದಿದವರು ಸಾಮಾನ್ಯವಾಗಿ ಮೆಚ್ಚುವುದು ಅದರ ಮೊದಲ ಭಾಗವನ್ನು. ಹೊರೇಸ್ ಬಿಕ್ಸ್‌ಬಿ ಎಂಬ ಗುರುವಿನ ಕೈಕೆಳಗೆ ಹುಡುಗನೊಬ್ಬ ಸೇಂಟ್ ಲೂಯಿಯಿಂದ ನ್ಯೂ ಆರ್ಲಿಯನ್ಸ್‌ವರೆಗಿನ ನದಿಯನ್ನೆಲ್ಲ ಕಾರ್ಗತ್ತಲಲ್ಲೂ ಗುರುತಿಸುವಂತೆ ಬಾಯಿಪಾಠ ಮಾಡಿದ ಕಥೆ ಅದು. 1875ರಲ್ಲಿ ‘ಅಟ್ಲಾಂಟಿಕ್’ ಮಾಸಿಕದಲ್ಲಿ ಬಂದ ಆ ಅಧ್ಯಾಯಗಳಿಗೆ ಸಾಟಿಯಾದ ಕಸುಬಿನ ಬರಹ ವಿರಳ. ನನ್ನ ತಕರಾರು ಬೇರೆ.

ಪೈಲಟರ ಸಂಘದ ಏಳುಬೀಳನ್ನು ಆತ ಅಲ್ಲಿಯೇ ಬಣ್ಣಿಸುತ್ತಾನೆ. ರೈಲು ಬಂತು, ಯುದ್ಧ ಬಂತು, ಕೊನೆಗೆ ಖಜಾಂಚಿಯೇ ನಿಧಿಯನ್ನೆಲ್ಲ ಬಾಚಿಕೊಂಡು ಹೊರಟುಹೋದ. (ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಆಕಳಿಸುವ ನಮ್ಮ ಸದಸ್ಯರು ಈ ಪುಟಗಳನ್ನು ಅವಶ್ಯ ನೋಡಬೇಕು.) ಕಡೆಯ ಪೆಟ್ಟು ಕೊಟ್ಟದ್ದು ಹತ್ತಾರು ಹಡಗುಗಳ ಸರಕನ್ನು ಬಾಲದಂತೆ ಕಟ್ಟಿಕೊಂಡು ಹೋಗುವ ಪುಟ್ಟ ಟಗ್ಗು. ಅದನ್ನು ಕುರಿತು ಆತನ ಮಾತಿನಲ್ಲಿ ತಿರಸ್ಕಾರವಲ್ಲದೆ ಬೇರೇನೂ ಇಲ್ಲ.

‘ಬಾಲ’ ಎಂದದ್ದೇ ಸಡಿಲ. ಆ ನದಿಗಳಲ್ಲಿ ಬೇರೂರಿದ ಪದ್ಧತಿ ಎಳೆಯುವುದಲ್ಲ, ನೂಕುವುದು. ಬಂದರಿನಲ್ಲಿ ಹಗ್ಗ ಬಿಗಿದು ಹಡಗನ್ನೆಳೆಯುವ ಟಗ್ಗನ್ನು ಕಂಡ ನಮಗೆ ಇದು ವಿಚಿತ್ರವೆನಿಸೀತು. ಬಾರ್ಜುಗಳನ್ನು ಒಂದಕ್ಕೊಂದು ತಂತಿಹಗ್ಗದಿಂದ ಬಿಗಿದು, ಇಡೀ ಚಪ್ಪರವನ್ನೇ ಮುಂದಿಟ್ಟುಕೊಂಡು ದೋಣಿ ಹಿಂದಿನಿಂದ ಒತ್ತುತ್ತದೆ. ಇಂದು ಮೇಲ್ಭಾಗದ ಮಿಸಿಸಿಪಿಯಲ್ಲಿ ಸಾಲಿಗೆ ಮೂರರಂತೆ ಐದು ಸಾಲು, ಒಟ್ಟು 15 ಬಾರ್ಜು. ಒಂದೊಂದರಲ್ಲಿ ಸುಮಾರು 1,500 ಟನ್ ಸರಕು. ಚುಕ್ಕಾಣಿಯವನ ಮುಂದೆ ಸಾವಿರ ಅಡಿ ಉಕ್ಕು. ಹೊಳೆಯ ಜೊತೆ ಇಳಿಯುವಾಗ ತೀವ್ರವಾದ ತಿರುವು ಬಂದರೆ ಎಂಜಿನ್ನನ್ನು ಹಿಮ್ಮುಖ ನಡೆಸಿ, ಹಿಂಭಾಗವನ್ನು ಹಿಡಿದಿಟ್ಟು, ಮೂತಿಯನ್ನು ಪ್ರವಾಹವೇ ತಿರುಗಿಸುವಂತೆ ಕಾಯಬೇಕು. ಸ್ವಲ್ಪ ತಡವಾದರೆ ಬಾರ್ಜುಗಳು ದಂಡೆಗೆ. ಅನೇಕ ಲಾಕುಗಳು 600 ಅಡಿಯವು. ಅಲ್ಲಿ ಚಪ್ಪರವನ್ನು ಬಿಚ್ಚಿ ಎರಡು ಸಲ ದಾಟಿಸಿ ಮತ್ತೆ ಕಟ್ಟಬೇಕು. ಬಿಕ್ಸ್‌ಬಿ ಕಲಿಸಿದ ನೀರಿನ ಓದು ಇವನಿಗೆ ಬೇಡವೆಂದರೆ ಯಾರು ನಂಬಿಯಾರು?

1882ರಲ್ಲಿ ಟ್ವೈನ್ ಮರಳಿ ಬಂದಾಗ ಸೇಂಟ್ ಲೂಯಿಯ ದಕ್ಕೆ ಬರಿದಾಗಿತ್ತು. ಆ ಪುಟದ ದುಃಖ ನಿಜವಾದದ್ದು. ಮೇಲೆ ಹೋದಂತೆ ಮರದ ತೆಪ್ಪಗಳನ್ನು ನೂಕಿ ತರುವ ದೋಣಿಗಳು ಎದುರಾಗುತ್ತವೆ. ಹಾಡು, ಕುಡಿತ, ಕುಣಿತದ ಹಳೆಯ ತೆಪ್ಪದವರ ಜಾಗದಲ್ಲಿ ಈಗ ಗಂಭೀರರಾದ ಮೌನಿಗಳು. ಇವರಲ್ಲಿ ರಮ್ಯತೆಯ ಸುಳಿವೂ ಇಲ್ಲವೆಂದು ಷರಾ ಬರೆದು ಆತ ಮುಂದೆ ಸಾಗುತ್ತಾನೆ. ಹಡಗಿನ ಕಟ್ಟೆಯಿಂದ ನೋಡಿದ ಪ್ರಯಾಣಿಕನ ತೀರ್ಪಿದು. ಹಳೆಯ ಚುಕ್ಕಾಣಿಗಾರ ಬರೆದದ್ದೆಂದರೆ ನಾಚಿಕೆಯಾಗುತ್ತದೆ. ಮೌನ ಯಾಕೆಂದು ಅವರನ್ನು ಕೇಳಬಹುದಿತ್ತು.

ಇನ್ನೊಂದು ಕಡೆ ಪತ್ರಿಕೆಯ ತುಣುಕೊಂದನ್ನು ಎತ್ತಿ ಹಾಕಿದ್ದಾನೆ: ಪಿಟ್ಸ್‌ಬರ್ಗಿನಿಂದ ನ್ಯೂ ಆರ್ಲಿಯನ್ಸಿಗೆ ಒಂದೇ ದೋಣಿಯ ಮುಂದೆ 32 ಬಾರ್ಜು, 6,00,000 ಬುಷೆಲ್ ಕಲ್ಲಿದ್ದಲು, ಬಾಡಿಗೆ 18,000 ಡಾಲರು, ರೈಲಿನಲ್ಲಾದರೆ 1,80,000. ಹಣದ ಲೆಕ್ಕ ಪೂರ್ತಿ ಇದೆ. ಅಷ್ಟನ್ನು ನಡೆಸಿದವನ ಹೆಸರಿಲ್ಲ, ರಾತ್ರಿ ಯಾವ ತಿರುವಿನಲ್ಲಿ ಅವನ ಎದೆ ಹಾರಿತೆಂಬುದೂ ಇಲ್ಲ. ಆ ದೋಣಿಯ ಮೇಲೆ ಒಂದು ರಾತ್ರಿ ಕಳೆದಿದ್ದರೆ ಎರಡನೆಯ ಭಾಗವೂ ಮೊದಲನೆಯದರಂತೆಯೇ ಓದಿಸಿಕೊಳ್ಳುತ್ತಿತ್ತು.